ದೀಪಕ್ಕೆ ಬಂದ ಹಸಿರು ಪತಂಗ

"ಗುರುಗಳೇ, ತೀರಿಹೋದ ಅಕ್ಕನನ್ನು ನೆನೆದು ದಿನವೂ ಅಳುತ್ತೇನೆ. ಅವಳು ಬಿಟ್ಟುಹೋದ ಮಗಳನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಯಾಕೆ ಹೀಗೆ?" ಎಂದು ಶಿಷ್ಯೆ ಬಸಲಿಂಗಮ್ಮ ಕೇಳಿದಳು. ಆ ಬೆಳಿಗ್ಗೆ ಹುಡುಗಿ ಡಬ್ಬಿಯ ಬೆಲ್ಲವನ್ನೆಲ್ಲ ತಿಂದು ಮುಗಿಸಿದ್ದಳು. ಬಸಲಿಂಗಮ್ಮ ಅವಳಿಗೆ ಎರಡೇಟು ಹಾಕಿ ಮಠಕ್ಕೆ ಬಂದಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿದ್ದಳು. ಇದ್ದೊಬ್ಬ ಮಗಳು ಜ್ವರ ಬಂದು ತೀರಿಕೊಂಡಳು. ಆ ಮಗಳು ನೆಟ್ಟ ನಂದಿಬಟ್ಟಲ ಗಿಡವೊಂದು ಬಾಗಿಲ ಬಳಿ ಉಳಿಯಿತು. ಒಂದು ಸಂಜೆ ದೀಪ ಹಚ್ಚಿದಾಗ ಪುಟ್ಟ ಹಸಿರು ಪತಂಗವೊಂದು ಬಂದು ಗೋಡೆಯ ಮೇಲೆ ಕೂತಿತು. ತಿಳಿಹಸಿರು ರೆಕ್ಕೆ, ಅದಕ್ಕೊಂದು ಕಂದು ಅಂಚು. ಮಗಳ ಹಬ್ಬದ ಲಂಗವೂ ಥೇಟ್ ಹಾಗೆಯೇ ಇತ್ತು. ತಾಯಿಯ ಕರುಳು ಸುಮ್ಮನಿರುತ್ತದೆಯೇ! "ಬಂದೆಯಾ ನನ್ನವ್ವಾ" ಎಂದವಳೇ, ರೆಕ್ಕೆ ಸುಟ್ಟೀತೆಂದು ದೀಪಕ್ಕೆ ಕೈ ಅಡ್ಡ ಹಿಡಿದಳು. ಅಂದಿನಿಂದ ಸಂಜೆಯಾಗುವುದನ್ನೇ ಕಾಯತೊಡಗಿದಳು.

ಹಗಲಾದರೆ ಬೇರೆಯೇ ರಂಪ. ಗಿಡದ ಎಲೆಗಳನ್ನು ಸುರುಳಿ ಸುತ್ತಿಕೊಂಡು ಒಳಗೆ ಹಸಿರು ಹುಳಗಳು ಮೇಯುತ್ತಿದ್ದವು. "ಹಾಳಾದವೇ, ನನ್ನ ಮಗಳ ಗಿಡವೇ ಬೇಕಿತ್ತಾ ನಿಮಗೆ?" ಎಂದು ಬೈಯುತ್ತ, ಸುರುಳಿಗಳನ್ನು ಕಿತ್ತು ಕಿತ್ತು ಕಾಲಡಿ ಹೊಸಕಿದಳು. ಗಿಡ ಚೊಕ್ಕಟವಾಯಿತು. ಆದರೆ ಪತಂಗ ಬರುವುದು ನಿಂತುಹೋಯಿತು. ದೀಪದ ಮುಂದೆ ಕೂತು, "ಯಾಕೆ ಮುನಿಸಿಕೊಂಡೆ ಮಗಳೇ?" ಎಂದು ಅತ್ತಳು.

ಒಂದು ಮುಂಜಾನೆ, ಕಣ್ತಪ್ಪಿ ಉಳಿದಿದ್ದ ಸುರುಳಿಯೊಂದು ಅವಳಿಗೆ ಕಂಡಿತು. ಕಿತ್ತು ಬಿಡಿಸಿದಳು. ಒಳಗೆ ಹುಳವಿರಲಿಲ್ಲ, ಕಂದು ಬಣ್ಣದ ಗೂಡೊಂದು ಬಿರಿಯುತ್ತಿತ್ತು. ನೋಡನೋಡುತ್ತಲೇ ಒದ್ದೆ ರೆಕ್ಕೆಗಳು ಹೊರಬಂದು ಮೆಲ್ಲಗೆ ಹರಡಿಕೊಂಡವು. ಅದೇ ಹಸಿರು, ಅದೇ ಅಂಚು.

"ಅಯ್ಯೋ ನನ್ನ ಕಂದಾ, ನಿನ್ನನ್ನೇ ತುಳಿದೆನಲ್ಲೇ!" ಎಂದು ಅಲ್ಲೇ ಕುಸಿದಳು.

ಮುಂದಿನ ವರ್ಷ ಆ ಗಿಡದಲ್ಲಿ ಮತ್ತೆ ಹುಳಗಳಾದವು. ಎಲೆ ಸುತ್ತಿಕೊಂಡು ಮೇಯ್ದವು. ಮಾಲೆಗೆ ಹೂ ಸಾಲದಾಯಿತು. "ಏನಕ್ಕಾ, ಗಿಡ ಹೀಗೆ ಬೋಳಾಗಲು ಬಿಟ್ಟಿದ್ದೀಯಲ್ಲ?" ಎಂದಳು ನೆರೆಮನೆಯವಳು.

"ಉಣ್ಣುವ ವಯಸ್ಸು, ಉಣ್ಣಲಿ ಬಿಡವ್ವಾ" ಎಂದು ತಾಯಿ ದೀಪದ ಬತ್ತಿ ಹೊಸೆಯತೊಡಗಿದಳು.

ಕತೆ ಮುಗಿಸಿ ಗುರುಗಳು ಅಂಗಳದ ಬಿಸಿಲ ಕಡೆ ನೋಡಿದರು.

"ಹೊತ್ತು ನೆತ್ತಿಗೇರಿತಲ್ಲ ಬಸಲಿಂಗಮ್ಮ, ಆ ಮಗುವಿಗೆ ಏನು ಉಣ್ಣಲಿಟ್ಟು ಬಂದೆ?"

ಬಸಲಿಂಗಮ್ಮ ಎದ್ದು, ಬೆಲ್ಲ ಕೊಳ್ಳಲು ಅಂಗಡಿಯ ಕಡೆ ನಡೆದಳು.