ನೀರಿನ ಹಿಂದೆ ಹೋದ ಕಲ್ಲು

"ನಿಮ್ಮ ಮುಖ ನೋಡಿದ್ರೆ ಯಮನೂ ಹೆದರಿ ವಾಪಸ್ ಹೋಗ್ತಾನೆ ಕಣ್ರೀ. ಎಲ್ಲರನ್ನೂ ಬರೀ ಹೆದರಿಸ್ತೀರಿ. ಒಂದ್ಸಲ ನಗಿಸಿ ಹೇಳಿ ನೋಡಿ."

ಸಣ್ಣವ್ವ ಆಮೆ ತನ್ನ ಗಂಡ ಗುಡ್ಡಪ್ಪನಿಗೆ ಹೇಳಿದ ಕೊನೆಯ ಮಾತು ಇದು. ಯಮ ವಾಪಸ್ ಹೋಗಲಿಲ್ಲ. ದಡದ ಮೇಲೆ ಮೊಟ್ಟೆ ಇಟ್ಟು ಬರುವಾಗ ನೀರು ದೂರ ಸರಿದಿತ್ತು. ಬಿಸಿಲು ಸುಡುತ್ತಿತ್ತು. ಅವಳು ನೀರು ಮುಟ್ಟಲಿಲ್ಲ.

ಮಕ್ಕಳೇ, ಅವರಿದ್ದದ್ದು ಕಾಡಿನ ನಡುವಿನ ಒಂದು ಕೆರೆ. ವರ್ಷ ವರ್ಷ ಅಲ್ಲಿ ಬಿಸಿಲು ಬೇಗ ಬರುತ್ತಿತ್ತು, ಮಳೆ ತಡವಾಗಿ ಬರುತ್ತಿತ್ತು. ಕೆರೆಯವರಿಗೆ ಒಂದು ಪದ್ಧತಿ ಇತ್ತು. ನೀರಿನಂಚಿಗೆ ಒಂದು ಗುಂಡುಕಲ್ಲು. ಬೇಸಿಗೆ ಶುರುವಾದ ದಿನ ಎಲ್ಲರೂ ಸೇರಿ ನೋಡುವರು. ನೀರು ಕಲ್ಲು ಮುಟ್ಟಿದ್ದರೆ ಕುಣಿತ, ಊಟ. ಮುಟ್ಟದಿದ್ದರೆ? ಏಡಿಗಳು ಕಲ್ಲನ್ನೇ ಕೆಳಕ್ಕೆ ಉರುಳಿಸುವವು. ಆಮೇಲೆ ಕುಣಿತ, ಊಟ.

"ಕೆರೆ ಬತ್ತುತ್ತೆ, ಎಲ್ಲರೂ ಸಾಯ್ತೀರಿ" ಎಂದು ಗುಡ್ಡಪ್ಪ ಪ್ರತಿ ವರ್ಷ ಕೂಗುತ್ತಿದ್ದ. ಅವನು ಬಂದರೆ ಕಪ್ಪೆಗಳು ಬುಳಕ್ಕನೆ ಮುಳುಗುತ್ತಿದ್ದವು.

ಈ ಸಲವೂ ಕಲ್ಲು ಕೆಳಕ್ಕೆ ಉರುಳಿತು. ಕಪ್ಪೆಗಳ ಯಜಮಾನ ಡೊಳ್ಳಯ್ಯ ಗಂಟಲು ಉಬ್ಬಿಸಿದ.

"ನೀರು ಕಲ್ಲು ಮುಟ್ಟಿದೆ! ಎಲ್ಲಾ ಸರಿ ಇದೆ!"

ಗುಡ್ಡಪ್ಪನಿಗೆ ಸಣ್ಣವ್ವನ ಮಾತು ನೆನಪಾಯಿತು. ದಡದ ಮೇಲೆ ಇನ್ನೂ ಒಡೆಯದ ಮೊಟ್ಟೆಗಳಿದ್ದವು. ಮರಿಗಳು ಇಳಿದು ಬರುವಾಗ ನೀರು ಎಲ್ಲಿರುತ್ತದೋ? ನಿಧಾನವಾಗಿ ದಡ ಹತ್ತಿದ. ತುದಿಗೆ ಹೋಗಿ ಒಣಮಣ್ಣಿನಲ್ಲಿ ಬಿದ್ದು ನಾಲ್ಕೂ ಕಾಲು ಬಡಿದ. ಧೂಳೋ ಧೂಳು.

"ಏನ್ ಗುಡ್ಡಪ್ಪ ಮಾವ, ತಲೆ ಕೆಟ್ಟಿತಾ?" ಏಡಿ ಈರಕ್ಕ ಕೂಗಿದಳು.

"ಈಜ್ತಾ ಇದೀನಿ ಕಣಮ್ಮ. ಹತ್ತಿರ ಬರಬೇಡ, ಇಲ್ಲಿ ಆಳ ಜಾಸ್ತಿ."

ಕೆರೆಗೆ ಕೆರೆಯೇ ನಕ್ಕಿತು. ಡೊಳ್ಳಯ್ಯ ಹೊಟ್ಟೆ ಹಿಡಿದುಕೊಂಡ.

"ಅಲ್ಲಿ ನೀರೆಲ್ಲಿದೆ ಮಾವ?"

"ಕಲ್ಲು ಎಲ್ಲೋ ನೀರು ಅಲ್ಲೇ ಅಲ್ವೇನಪ್ಪ? ಕಲ್ಲು ಇಲ್ಲಿಗೆ ತಂದಿಡಿ. ನೀರು ಬಾಲ ಆಡಿಸ್ಕೊಂಡು ಹಿಂದೇನೇ ಬರುತ್ತೆ."

ಇನ್ನೂ ನಗು. "ತಂದೇ ಬಿಡೋಣ, ಮಾವನ ಮೈ ತೊಳೆಯೋಣ!" ಎಂದು ಏಡಿಗಳು ಕಲ್ಲಿಗೆ ಬೆನ್ನು ಕೊಟ್ಟವು. ಕಪ್ಪೆಗಳೂ ಸೇರಿದವು. ಐಸಾ, ಐಸಾ!

ಸ್ವಲ್ಪ ಮೇಲೆ ಕಲ್ಲು ಒಂದು ಗುಂಡಿಗೆ ಇಳಿಯಿತು.

"ಹೋದ ವರ್ಷ ಕಲ್ಲು ಇಲ್ಲಿತ್ತು" ಎಂದಳು ಈರಕ್ಕ, ನಗುತ್ತಲೇ.

ಮತ್ತೆ ತಳ್ಳಿದರು. ಇನ್ನೊಂದು ಗುಂಡಿ. ಅದರ ಮೇಲೆ ಮತ್ತೊಂದು. ಉಸಿರು ಕಟ್ಟಿತು. ನಗು ಸಣ್ಣದಾಯಿತು. ತುದಿಗೆ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ.

ತಿರುಗಿ ನೋಡಿದರು. ಕೆರೆ ದೂರದಲ್ಲಿ, ಕೆಳಗೆ, ಒಂದು ತಟ್ಟೆಯಷ್ಟು ಕಾಣುತ್ತಿತ್ತು.

"ನೀರು ಹಿಂದೆ ಬರಲಿಲ್ಲ" ಎಂದಿತು ಒಂದು ಮರಿಕಪ್ಪೆ.

ಡೊಳ್ಳಯ್ಯನ ಗಂಟಲು ಇಳಿಯಿತು. "ಮಾವ, ಈಗ ಏನ್ ಮಾಡೋದು?"

ಎಲ್ಲರೂ ಸಾಯ್ತೀರಿ ಎಂಬ ಮಾತು ಗುಡ್ಡಪ್ಪನ ಬಾಯಿಗೆ ಬಂತು. ನುಂಗಿಕೊಂಡ.

"ಕೆರೆ ನಡುವೆ ಹೂಳಿನಡಿ ಒರತೆ ಇದೆ. ಹಿಂದೆ ಅಲ್ಲಿಂದ ನೀರು ಉಕ್ಕುತ್ತಿತ್ತು. ಹೂಳು ತೆಗೀಬೇಕು. ಬಿಸಿಲು ಇನ್ನೂ ಏರೋ ಮುಂಚೆ."

"ತೆಗೆದ್ರೆ ಮಳೆವರೆಗೆ ಸಾಕಾಗುತ್ತಾ?"

"ಗೊತ್ತಿಲ್ಲಪ್ಪ. ಮುಂದಿನ ವರ್ಷ ಬಿಸಿಲು ಹೇಗಿರುತ್ತೋ ಅದೂ ಗೊತ್ತಿಲ್ಲ. ನನ್ನ ಮುಖ ನೋಡಿ ಅದೇ ಹೆದರಿ ಓಡಿಹೋದ್ರೆ ಆಯ್ತು."

ಒಬ್ಬಿಬ್ಬರು ನಕ್ಕರು. ಆದರೆ ಯಾರೂ ಓಡಿಹೋಗಿ ನೀರಲ್ಲಿ ಅಡಗಲಿಲ್ಲ. ಕಲ್ಲನ್ನು ಯಾರೂ ಕೆಳಕ್ಕೆ ಉರುಳಿಸಲಿಲ್ಲ.

ಮರುದಿನ ಬೆಳಿಗ್ಗೆ ಗುಡ್ಡಪ್ಪ ಸಣ್ಣವ್ವ ಮೊಟ್ಟೆ ಇಟ್ಟ ಜಾಗಕ್ಕೆ ಹೋಗಿ ನೋಡಿದ. ಆಮೇಲೆ ಕೆಳಗಿಳಿದ. ಅವನಿಗಿಂತ ಮೊದಲೇ ಎಲ್ಲರೂ ಬಂದಿದ್ದರು. ಅವರ ನಡುವೆ ಜಾಗ ಮಾಡಿಕೊಂಡು ಹೂಳಿಗೆ ಉಗುರು ಹಾಕಿದ.

ನೀತಿ: ಹೆದರಿಸಿದರೆ ಅಡಗಿಕೊಳ್ಳುವವರು ನಗಿಸಿದರೆ ಹತ್ತಿರ ಬರುತ್ತಾರೆ, ಹತ್ತಿರ ಬಂದವರಿಗೆ ನಿಜ ತೋರಿಸಿ, ಕೆಲಸಕ್ಕೆ ಕೈ ಹಾಕಿ.