ತಸಬೀರಿನ ದಾವಲಸಾಬ

ಈ ಹೊಳೆಗೆ ಇನ್ನೂ ಸೇತುವೆ ಕಟ್ಟಿರಲಿಲ್ಲ. ನೀನು ಯಾವ ವರ್ಷ ಹುಟ್ಟಿದೆ ಅಂತ ಕೇಳಿದರೆ ಜನ ಬರಗಾಲವನ್ನೋ ಬೇನೆಯನ್ನೋ ಹೆಸರಿಸಿ ಉತ್ತರ ಕೊಡುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಒಂದು ಊರು. ಊರು ಅಂದರೆ ಯಾವುದೋ ಊರಲ್ಲ, ನಮ್ಮ ಕರಿಗುಂಡಿ. ಸುತ್ತಲಿನ ಹಳ್ಳಿಗಳಲ್ಲಿ ಪೈಲ್ವಾನರಿದ್ದರು, ಭಜನೆಯವರಿದ್ದರು, ಹಾವಿನ ವಿಷ ಇಳಿಸುವವರಿದ್ದರು. ಇರಲಿ ಬಿಡಿ, ಅಂಥವರು ಎಲ್ಲ ಕಡೆ ಸಿಗುತ್ತಾರೆ. ತಸಬೀರು ತೆಗೆಯುವವನು ಇದ್ದದ್ದು ನಮ್ಮಲ್ಲಿ ಮಾತ್ರ. ಅವನ ಹೆಸರು ದಾವಲಸಾಬ.

ಅವನ ಹತ್ತಿರ ಮೂರು ಕಾಲಿನ ಮೇಲೆ ನಿಲ್ಲುವ ಒಂದು ತೇಗದ ಪೆಟ್ಟಿಗೆ ಇತ್ತಂತೆ. ಕಮ್ಮಾರನ ತಿದಿಯ ಹಾಗೆ ಹಿಗ್ಗುವ ಚರ್ಮದ ಹೊಟ್ಟೆ, ಮುಂದೆ ಒಂದೇ ಒಂದು ಗಾಜಿನ ಕಣ್ಣು, ಹಿಂದೆ ಹೊದ್ದುಕೊಳ್ಳಲು ಕರಿ ಬಟ್ಟೆ. ಊರು ಬಿಟ್ಟು ಹೋದ ಪಾದ್ರಿಯೊಬ್ಬ ಕೊಟ್ಟು ಹೋದ ಅಂತ ಕೆಲವರು ಹೇಳುತ್ತಾರೆ. ಹೊಳೆಯಲ್ಲಿ ತೇಲಿ ಬಂತು ಅಂತ ಇನ್ನು ಕೆಲವರು. ದಾವಲಸಾಬ ಮಾತ್ರ ಯಾರಿಗೂ ಏನೂ ಹೇಳಲಿಲ್ಲ. ಕೇಳಿದರೆ ಮೀಸೆಯಲ್ಲೇ ನಗುತ್ತಿದ್ದನಂತೆ.

ಅವನ ಹೆಸರು ಹಬ್ಬಿದ್ದು ತೋರಿಸುವುದರಿಂದ ಅಲ್ಲ, ಮುಚ್ಚುವುದರಿಂದ. ಮೆಳ್ಳಗಣ್ಣಿನ ವರನನ್ನು ಓರೆಯಾಗಿ ಕೂಡಿಸುತ್ತಿದ್ದ, ಕಣ್ಣು ಸರಿ ಕಾಣುತ್ತಿತ್ತು. ಗೂನು ಬೆನ್ನಿನ ಗೌಡನ ಹೆಗಲಿಗೆ ಶಾಲು ಇಳಿಬಿಡುತ್ತಿದ್ದ, ಗೂನು ಮಾಯವಾಗುತ್ತಿತ್ತು. ಬಾವಿಯ ಹತ್ತಿರ ಹೆಂಗಸರು ಅವನನ್ನು ತಡೆದು ನಿಲ್ಲಿಸಿ, "ನಮ್ಮ ಎಮ್ಮೀನ ಒಮ್ಮಿ ನಿಂದ್ರಸಿ ತಗೀಯೋ ದಾವಲ್ಯಾ, ಆಕಳಾಗಿ ಬರತೈತೇನೋ ನೋಡೂಣು" ಅಂತ ಕಾಡುತ್ತಿದ್ದರಂತೆ. ಅವನು ಎಮ್ಮೆಯನ್ನು ಮೇಲಿಂದ ಕೆಳಗೆ ನೋಡಿ, "ಬರತೈತಿ, ಆದ್ರ ಕೋಡು ಅಲುಗಾಡಸಬಾರದು ಅಂತ ಹೇಳ್ರಿ" ಅನ್ನುತ್ತಿದ್ದನಂತೆ. ಮುಚ್ಚುವುದು ಪುಣ್ಯದ ಕೆಲಸ ಅಂತಲೇ ಅವನು ನಂಬಿದ್ದ.

ಹಾಗಿರುವಾಗ ಸಮುದ್ರದಾಚೆ ದೊಡ್ಡ ಯುದ್ಧ ಹತ್ತಿತು. ಯಾರ ಮೇಲೆ ಯಾರ ಯುದ್ಧ, ಯಾಕೆ, ನಮ್ಮವರಿಗೆ ತಿಳಿಯಲಿಲ್ಲ. ಆದರೆ ನಮ್ಮ ಹುಡುಗರು ಹೋದರು. ಹೋದವರಲ್ಲಿ ಭರಮವ್ವನ ಹಿರಿಯ ಮಗ ಯಮನಪ್ಪ ಒಬ್ಬ. ಭರಮವ್ವ ಅಂದರೆ ಗಂಡ ಸತ್ತ ಹೆಂಗಸು, ಇಬ್ಬರು ಗಂಡುಮಕ್ಕಳು, ಕೊನೆಯವಳು ತಂಗೆವ್ವ ಅನ್ನುವ ಹುಡುಗಿ. ಬಾಯಿ ಜೋರು, ಕೈ ಅದಕ್ಕಿಂತ ದೊಡ್ಡದು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ.

ಗಾಯಗೊಂಡ ಸಿಪಾಯಿಗಳನ್ನು ಹಡಗಿನಲ್ಲಿ ತಂದು, ರೈಲಿನಲ್ಲಿ ತಂದು, ದಂಡು ಇಳಿಯುವ ಪಟ್ಟಣದಲ್ಲಿ ಅರಳೆಯ ದೊಡ್ಡ ಉಗ್ರಾಣವನ್ನೇ ದವಾಖಾನೆ ಮಾಡಿ ಮಲಗಿಸಿದರಂತೆ. ಅಲ್ಲಿಗೆ ದಾವಲಸಾಬನಿಗೆ ಕರೆ ಬಂತು. ಗಾಯಾಳುಗಳ ತಸಬೀರು ತೆಗೆದು ಅವರವರ ಊರಿಗೆ ಕಳಿಸಬೇಕು, ನೋಡಿದ ತಾಯಂದಿರು ಅಳಬಾರದು, ಹಾಗೆ ತೆಗೆಯಬೇಕು ಅಂತ ಅಲ್ಲಿಯ ಅಧಿಕಾರಿ ಹೇಳಿದ. ಇದಕ್ಕಿಂತ ದೊಡ್ಡ ಪುಣ್ಯ ಯಾವುದು ಅಂದುಕೊಂಡ ದಾವಲಸಾಬ.

ಆ ಉಗ್ರಾಣದಲ್ಲಿ ಅವನು ಮಾಡಿದ ಕೆಲಸವನ್ನು ಹೇಳುವಾಗ ನಮ್ಮೂರ ಮುದುಕರು ಈಗಲೂ ದನಿ ತಗ್ಗಿಸುತ್ತಾರೆ. ತೋಳಿಲ್ಲದವನ ಅಂಗಿಯ ತೋಳಿಗೆ ಹಳೆ ಬಟ್ಟೆ ತುರುಕಿ ತೋಳು ಮಾಡಿದ. ದವಡೆ ಹಾರಿಹೋದವನಿಗೆ ರುಮಾಲಿನ ಸೆರಗನ್ನು ಚಂದವಾಗಿ ಸುತ್ತಿ ರಜಪೂತನ ಹಾಗೆ ಕೂಡಿಸಿದ. ಕಣ್ಣು ಹೋದವನ ಕೈಗೆ ಒಂದು ವೃತ್ತಪತ್ರಿಕೆ ಕೊಟ್ಟು, ಓದುವವನ ಹಾಗೆ ತಲೆ ಬಗ್ಗಿಸು ಅಂದ. ಅವನು ಬಗ್ಗಿಸಿದ. ಪತ್ರಿಕೆ ತಲೆಕೆಳಗಾಗಿತ್ತಂತೆ. ದಾವಲಸಾಬ ಎದ್ದು ಹೋಗಿ ಅದನ್ನು ನೇರ ಮಾಡಿ ಬಂದನಂತೆ.

ಸಾಲಿನ ಕೊನೆಯಲ್ಲಿ ನಮ್ಮ ಯಮನಪ್ಪ. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಊರವನನ್ನು ನೋಡಿ ಅವನು ಅತ್ತನಂತೆ, ನಗುತ್ತಾ ಅತ್ತನಂತೆ. "ಸಾಬಣ್ಣ, ಕಾಲ ಕಾಣಸಬ್ಯಾಡಪಾ. ಅವ್ವ ಎದಿ ಒಡಕೊಂತಾಳ" ಅಂದ. ದಾವಲಸಾಬ ಅವನಿಗೆ ಕಂಬಳಿ ಹೊದಿಸಿದ. ಹೊದಿಸಿ ಸುಮ್ಮನಿರಬಹುದಿತ್ತು. ಆದರೆ ಕೈಯಲ್ಲಿ ಕಲೆ ಇದ್ದವನು ಸುಮ್ಮನಿರುತ್ತಾನೆಯೇ? ಪಕ್ಕದ ಮಂಚದಲ್ಲಿ ಅದೇ ಬೆಳಿಗ್ಗೆ ಪ್ರಾಣ ಬಿಟ್ಟವನ ಬೂಟುಗಳಿದ್ದವು. ಅವನ್ನು ತಂದು, ಉಜ್ಜಿ ಮಿಂಚಿಸಿ, ಕಂಬಳಿಯ ಅಂಚಿನಿಂದ ಎರಡೂ ತುದಿ ಇಣುಕುವ ಹಾಗೆ ಇಟ್ಟ. ಗಾಜಿನ ಕಣ್ಣಿನ ಮುಚ್ಚಳ ತೆಗೆದ, ಹಾಕಿದ. ತಸಬೀರಿನಲ್ಲಿ ಯಮನಪ್ಪನಿಗೆ ಎರಡು ಕಾಲು ಬಂದವು.

ಆ ತಸಬೀರನ್ನು ಅವನೇ ತಂದು ಭರಮವ್ವನ ಕೈಗಿಟ್ಟ. ಅವಳು ಅವನ ಬಾಯಿಗೆ ಸಕ್ಕರೆ ಹಾಕಿದಳು. ಊರೆಲ್ಲ ಬಂದು ನೋಡಿತು. ಎಲ್ಲರ ಕಣ್ಣು ಬಿದ್ದದ್ದು ಬೂಟಿನ ಮೇಲೆ. ಕಿರಿಯ ಮಗ ಲಕ್ಕಪ್ಪನಂತೂ ತಸಬೀರು ಬಿಟ್ಟು ಏಳಲೇ ಇಲ್ಲ. ಅವನು ಹುಟ್ಟಿದಾಗಿನಿಂದ ಕಾಲಿಗೆ ಏನೂ ಹಾಕಿದವನಲ್ಲ. ಸಿಪಾಯಿಗಳನ್ನು ಬರೆಸಿಕೊಳ್ಳುವವರು ಮುಂದಿನ ಸಲ ಬಂದಾಗ ಲಕ್ಕಪ್ಪ ಎದ್ದು ನಿಂತ. ಭರಮವ್ವ ತಡೆಯಲಿಲ್ಲ. ಹಿರಿಯವನಿಗೆ ಏನೂ ಆಗಿಲ್ಲವಲ್ಲ, ದಾವಲಸಾಬ ಕಣ್ಣಾರೆ ನೋಡಿ ಬಂದಿದ್ದಾನಲ್ಲ ಅಂದಳಂತೆ.

ಲಕ್ಕಪ್ಪ ಹೋದ. ಹೋದವನು ಹೋದ. ಅವನು ಎಲ್ಲಿ ಬಿದ್ದ, ಯಾರು ಮಣ್ಣು ಕೊಟ್ಟರು, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಮೇಲೆ ಯಮನಪ್ಪ ಬಂದ. ಕಂಕುಳಲ್ಲಿ ಊರುಗೋಲು. ಬಾಗಿಲಲ್ಲಿ ನಿಂತ ಮಗನನ್ನು ಭರಮವ್ವ ನೋಡಿದಳು, ಅವನ ಕೆಳಗೆ ನೆಲ ನೋಡಿದಳು. ಗೋಡೆಯ ತಸಬೀರು ಕಿತ್ತುಕೊಂಡು ದಾವಲಸಾಬನ ಮನೆಗೆ ನಡೆದಳು. ಕೂಗಾಡುತ್ತಾಳೆ ಅಂತ ಓಣಿಯೆಲ್ಲ ಹೊರಗೆ ಬಂತು. ಅವಳು ಕೂಗಲಿಲ್ಲ. ತಸಬೀರನ್ನು ಅವನ ಮುಂದೆ ಹಿಡಿದು, ಬೂಟಿನ ಮೇಲೆ ಬೆರಳಿಟ್ಟು ಕೇಳಿದಳು:

"ಇದರಾಗಿನ ಕಾಲ ಎಲ್ಲಿ ಇಟ್ಟೀಯೋ ದಾವಲ? ಕೊಡು. ನನ್ನ ಮಗಗ ಬೇಕಾಗೈತಿ."

ದಾವಲಸಾಬ ಪೆಟ್ಟಿಗೆಯ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟ. ಮದುವೆಗೆ ಕರೆದರೂ ಹೋಗಲಿಲ್ಲ. ಬಾವಿಯ ದಾರಿ ಬಿಟ್ಟು ಸುತ್ತು ಹಾಕಿ ಓಡಾಡಿದ.

ಭರಮವ್ವನ ಮನೆಯಲ್ಲಿ ಅವಳ ಜೊತೆ ದುಡಿಯುವ ಕೈ ಉಳಿದದ್ದು ಒಂದೇ, ಅದೂ ಪುಟ್ಟದು. ತಂಗೆವ್ವ ಗಿರಣಿಗೆ ಹೋದಳು. ಹೊಳೆ ದುಮುಕುವ ಜಾಗದಲ್ಲಿ ನೂಲಿನ ಗಿರಣಿ ಇತ್ತು. ನೀರು ಗಾಲಿ ತಿರುಗಿಸುತ್ತಿತ್ತು, ಗಾಲಿ ಯಂತ್ರ ತಿರುಗಿಸುತ್ತಿತ್ತು, ಯಂತ್ರದ ಕೆಳಗೆ ತೂರಿ ಉದುರಿದ ಅರಳೆ ಬಳಿದು ತೆಗೆಯಲು ಸಣ್ಣ ಮಕ್ಕಳೇ ಬೇಕಾಗುತ್ತಿತ್ತು. ಯಂತ್ರ ನಿಲ್ಲಿಸುವ ಪದ್ಧತಿ ಇರಲಿಲ್ಲ. ನಮ್ಮೂರ ಮನೆಮನೆಯ ಮಕ್ಕಳು ಅಲ್ಲಿದ್ದರು.

ಗಿರಣಿಯಲ್ಲಿ ಕೂಸುಗಳು ದುಡಿಯುತ್ತವೆ ಅನ್ನುವ ಮಾತು ಸರಕಾರದ ಮೇಲಿನ ಸಾಹೇಬರ ಕಿವಿಗೆ ಬಿತ್ತಂತೆ. ಗಿರಣಿಯ ಮ್ಯಾನೇಜರ ಹೆದರುವವನಲ್ಲ. ಕೆಲಸಗಾರರ ಒಂದು ತಸಬೀರು ತೆಗೆಸಿ ಕಳಿಸಿದರೆ ಆಯಿತು ಅಂದ. ಮುಚ್ಚುವುದರಲ್ಲಿ ಹೆಸರಾದವನು ಪಕ್ಕದಲ್ಲೇ ಇದ್ದಾನೆ. ಗಾಡಿ ಬಂತು, ಗಾಡಿಯ ಜೊತೆ ಇಬ್ಬರು ಗಟ್ಟಿ ಆಳುಗಳೂ ಬಂದರು. ದಾವಲಸಾಬ ಪೆಟ್ಟಿಗೆ ಹೊತ್ತು ಹತ್ತಿದ.

ಅಂಗಳದಲ್ಲಿ ಮಕ್ಕಳನ್ನು ಆಗಲೇ ಸಾಲು ಮಾಡಿದ್ದರು. ಹುಡುಗರ ತಲೆಗೆ ದೊಡ್ಡವರ ರುಮಾಲು, ಹುಡುಗಿಯರ ಮೈಗೆ ದೊಡ್ಡವರ ಸೀರೆ, ಕಾಲ ಕೆಳಗೆ ನೂಲಿನ ಪೆಟ್ಟಿಗೆ. ಪೆಟ್ಟಿಗೆ ಕಾಣದ ಹಾಗೆ ಮುಂದೆ ಅರಳೆಯ ಮೂಟೆ. ಎಲ್ಲರೂ ಎತ್ತರವಾಗಿದ್ದರು, ಎಲ್ಲರೂ ಹರೆಯಕ್ಕೆ ಬಂದಿದ್ದರು. ಸರಿಯಾಗಿದೆಯೋ ನೋಡುತ್ತೇನೆ ಅಂತ ಮ್ಯಾನೇಜರ ತಾನೇ ಕರಿ ಬಟ್ಟೆಯೊಳಗೆ ತಲೆ ಹಾಕಿದ. ಆ ಪೆಟ್ಟಿಗೆಯ ಹಿಂದಿನ ಗಾಜಿನಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತದೆ. ಗಿರಣಿಯ ಮಾಡು ಕೆಳಗೆ ಜೋತಾಡುವುದನ್ನು ಕಂಡು ಅವನಿಗೆ ತಲೆ ತಿರುಗಿ, "ಏ, ಇದು ನಿಂದ ಕೆಲಸಪ್ಪಾ" ಅಂತ ಹೊರಗೆ ಬಂದು ಕುರ್ಚಿ ಹಿಡಿದು ಕೂತನಂತೆ.

ದಾವಲಸಾಬ ಬಟ್ಟೆ ಹೊದ್ದುಕೊಂಡ. ಗಾಜಿನಲ್ಲಿ ಮಕ್ಕಳು ಬಾವಲಿಗಳ ಹಾಗೆ ನೇತಾಡುತ್ತಿದ್ದರು. ನಡುವೆ ತಂಗೆವ್ವ. ಯಾರ ಕೈಗಳೂ ಕಾಣುತ್ತಿರಲಿಲ್ಲ. ಒಬ್ಬಳು ಸೆರಗಿನಲ್ಲಿ ಅಡಗಿಸಿದ್ದಳು, ಒಬ್ಬ ಬೆನ್ನ ಹಿಂದೆ ಕಟ್ಟಿದ್ದ, ಒಬ್ಬ ಕಂಕುಳಲ್ಲಿ ಒತ್ತಿಕೊಂಡಿದ್ದ. ಹೀಗೆ ಮಾಡಿರೆಂದು ನಿಮಗೆ ಹೇಳಿದವರು ಯಾರು ಅಂತ ಅವನು ಹೊರಗೆ ಬಂದು ಮೆಲ್ಲಗೆ ಕೇಳಿದ. ಯಾರೂ ಹೇಳಿಲ್ಲ ಅಂದಳು ತಂಗೆವ್ವ.

"ನಮ್ಮಣ್ಣನ ಕಾಲ ನೀ ಮುಚ್ಚಿದ್ಯಲ್ಲಾ ಮಾಮಾ? ಹಂಗ ನಾವೂ ಮುಚ್ಚೀವಿ. ಚಂದ ಬರಲಿ ಅಂತ."

ದಾವಲಸಾಬ ಸ್ವಲ್ಪ ಹೊತ್ತು ಪೆಟ್ಟಿಗೆಯ ತಿರುಪುಗಳನ್ನು ಸುಮ್ಮನೆ ಬಿಗಿ ಮಾಡಿದ, ಸಡಿಲ ಮಾಡಿದ. ಆಮೇಲೆ ಮ್ಯಾನೇಜರನ ಕಡೆ ತಿರುಗಿ ಬಗ್ಗಿ ಸಲಾಮು ಹೊಡೆದು, ಬೆಳಕು ಮಂದವಾಗಿದೆ ಸಾಹೇಬರೇ ಅಂದ. ಅಂಗೈ ಬೆಳ್ಳಗಿರುತ್ತದೆ, ಎಲ್ಲರೂ ಅಂಗೈ ಎತ್ತಿ ಹಿಡಿದರೆ ಮುಖಕ್ಕೆ ಬೆಳಕು ಬೀಳುತ್ತದೆ, ಇದು ನಮ್ಮ ವಿದ್ಯೆಯ ಕಟ್ಟಳೆ ಅಂದ. ತಲೆ ಇನ್ನೂ ತಿರುಗುತ್ತಿದ್ದ ಮ್ಯಾನೇಜರ ಕಣ್ಣು ಮುಚ್ಚಿಕೊಂಡೇ ಕೈ ಬೀಸಿ ಒಪ್ಪಿದ. ಮಕ್ಕಳು ತನಗೇ ಸಲಾಮು ಮಾಡುವ ಹಾಗೆ ಕಾಣುತ್ತದೆ, ಒಳ್ಳೆಯದೇ ಆಯಿತು ಅಂದನಂತೆ.

"ಕೈ ಎತ್ರಿ ಮಕ್ಕಳಾ" ಅಂದ ದಾವಲಸಾಬ. "ಬೆರಳ ಅಗಲ ಮಾಡ್ರಿ. ಇದ್ದಷ್ಟು ತೋರಸ್ರಿ."

ಮಕ್ಕಳು ಎತ್ತಿದರು. ಬೆರಳ ತುದಿ ಇಲ್ಲದವು, ಬೆರಳೇ ಇಲ್ಲದವು, ಬೆಂದು ಒಂದಕ್ಕೊಂದು ಅಂಟಿದವು. ತಂಗೆವ್ವನ ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು, ನಡುವೆ ಆಕಾಶ. ಉಸಿರು ಹಿಡಿಯಿರಿ ಅಂದ. ಹಿಡಿದರು. ಆ ಹೊತ್ತಿನಲ್ಲಿ ಹೊಳೆಯ ನೀರೂ ದುಮುಕದೆ ನಿಂತಿತ್ತು ಅಂತ ಹೇಳುತ್ತಾರೆ. ನಂಬದವರು ನಂಬಬೇಡಿ. ಆ ತಸಬೀರಿನಲ್ಲಿ ಒಂದು ಬೆರಳೂ ಅಲುಗಾಡಿರಲಿಲ್ಲ ಅನ್ನುವುದಂತೂ ನಿಜ.

ತಸಬೀರನ್ನು ಅವನು ಮ್ಯಾನೇಜರನಿಗೆ ಕೊಡಲಿಲ್ಲ. ಸಂತೆಯ ದಿನ ತಂದು ಬೇವಿನ ಮರಕ್ಕೆ ತೂಗು ಹಾಕಿದ. ಅದು ಹಲಗೆಯಷ್ಟಿತ್ತು ಅಂತ ಪಕ್ಕದೂರವರು, ಬಾಗಿಲಷ್ಟಿತ್ತು ಅಂತ ನಮ್ಮೂರವರು. ನಾವು ಬಾಗಿಲಷ್ಟೇ ಅಂತ ಇಟ್ಟುಕೊಳ್ಳೋಣ.

ಹೆಂಗಸರು ಬಂದರು. ಅವರವರ ಮಕ್ಕಳ ಕೈ ಅವರವರಿಗೆ ಗೊತ್ತಿತ್ತು, ಹೊಸದೇನಲ್ಲ. ಆದರೆ ಗಿರಣಿಯವರು ಒಂದೊಂದು ಮನೆಗೂ ಒಂದೇ ಮಾತು ಹೇಳಿ ಕಳಿಸಿದ್ದರು. ನಿಮ್ಮ ಕೂಸು ತುಂಟ, ಆಟಕ್ಕೆ ಹೋಗಿ ಯಂತ್ರಕ್ಕೆ ಕೈ ಕೊಟ್ಟಿತು, ಉಳಿದ ಮಕ್ಕಳು ಸರಿಯಾಗೇ ಇದ್ದಾವೆ. ಅದಕ್ಕೇ ನಾಚಿಕೆಪಟ್ಟು ಯಾರೂ ಯಾರಿಗೂ ಹೇಳಿರಲಿಲ್ಲ. ಮಕ್ಕಳಿಗೂ ಹೇಳಬೇಡಿರೆಂದು ಗದರಿದ್ದರು. ಮರದ ಕೆಳಗೆ ಈಗ ಎಲ್ಲ ಕೈಗಳೂ ಒಂದೇ ಸಾಲಿನಲ್ಲಿ ನಿಂತಿದ್ದವು.

"ಬೆರಳ ಕೊಟ್ಟು ಬಂದ್ಲಂತ ನಾ ನಮ್ಮ ಹುಡುಗೀನ ಹೊಡದಿದ್ದೆ" ಅಂದಳು ಒಬ್ಬಳು.

"ನಾನೂ ಹೊಡದಿದ್ದೆ" ಅಂದಳು ಇನ್ನೊಬ್ಬಳು.

ಭರಮವ್ವ ತಸಬೀರಿನ ಹತ್ತಿರ ಹೋಗಿ ತಂಗೆವ್ವನ ಕೈಯಲ್ಲಿ ಬೆರಳಿಲ್ಲದ ಜಾಗವನ್ನು ಸವರಿದಳಂತೆ.

ಮರುದಿನ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿತು. ಒಂದು ಮಗುವೂ ಹೊರಡಲಿಲ್ಲ. ಮತ್ತೆ ಕೂಗಿತು. ನಮ್ಮೂರ ಬಾಗಿಲುಗಳು ಮುಚ್ಚಿಯೇ ಇದ್ದವು.

ಗಿರಣಿಯ ಆಳುಗಳು ಬಂದದ್ದು ಮಕ್ಕಳ ಹತ್ತಿರ ಅಲ್ಲ, ದಾವಲಸಾಬನ ಹತ್ತಿರ. ಪೆಟ್ಟಿಗೆ ಮುರಿದರು. ತಸಬೀರು ಹುಟ್ಟಿದ್ದ ಗಾಜಿನ ಹಲಗೆಯನ್ನು ಹೊಸ್ತಿಲ ಮೇಲೆ ಎತ್ತಿ ಹಾಕಿದರು. ಆಮೇಲೆ ಅವನ ಎರಡೂ ಕೈಗಳನ್ನು ಅದೇ ಹೊಸ್ತಿಲ ಮೇಲಿಟ್ಟು ಕಲ್ಲಿನಿಂದ ಜಜ್ಜಿದರು. ಒಡೆದ ಗಾಜಿನ ಒಂದೊಂದು ಚೂರಿನಲ್ಲೂ ಇಡೀ ಸಾಲು ಕಾಣುತ್ತಿತ್ತು ಅಂತಾರೆ. ಉಗುರಿನಷ್ಟು ಚೂರಿನಲ್ಲೂ ಎಲ್ಲ ಮಕ್ಕಳು, ಎಲ್ಲ ಕೈಗಳು. ಆಳುಗಳು ಆರಿಸಿ ಆರಿಸಿ ಸೋತು ಹೋದರಂತೆ.

ಗಿರಣಿ ನಿಂತಿತೇ? ಎಲ್ಲಿ ನಿಲ್ಲುತ್ತದೆ. ಹೊಳೆಯಾಚೆಯ ಊರುಗಳಿಂದ ಬೇರೆ ಮಕ್ಕಳನ್ನು ದೋಣಿಯಲ್ಲಿ ತಂದರು. ಮೇಲಿನ ಸಾಹೇಬರು ಬರಲೇ ಇಲ್ಲ. ನಮ್ಮೂರ ಮಕ್ಕಳು ಮಾತ್ರ ಆಮೇಲೆ ಆ ಯಂತ್ರದ ಕೆಳಗೆ ತೂರಲಿಲ್ಲ. ಎಷ್ಟೋ ಮನೆಗಳು ಆ ವರ್ಷ ಹಸಿದು ಮಲಗಿದವು. ದಂಡೆಯ ಮೇಲೆ ನಿಂತು ದೋಣಿಯಲ್ಲಿ ಬರುವ ಮಕ್ಕಳನ್ನು ದಾವಲಸಾಬ ನೋಡುತ್ತಿದ್ದನಂತೆ. ಅವನ ಹತ್ತಿರ ಪೆಟ್ಟಿಗೆಯೂ ಇರಲಿಲ್ಲ, ಕೈಯೂ ಇರಲಿಲ್ಲ.

ಅವನಿಗೆ ಅನ್ನ ಕಲಸಿ ತಿನ್ನಿಸಿದವಳು ಭರಮವ್ವ. ದಿನಾ ಬರುತ್ತಿದ್ದಳು, ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಬಾಯಿ ಒರೆಸಿ ಎದ್ದು ಹೋಗುತ್ತಿದ್ದಳು. ಲಕ್ಕಪ್ಪನ ತಾಯಿ ಅವಳು. ಅವನು ಸಾಯುವವರೆಗೂ ಅವನಿಗೆ ಉಣಿಸಿದಳು, ಅವನು ಸಾಯುವವರೆಗೂ ಅವನೊಂದಿಗೆ ಒಂದು ಮಾತೂ ಆಡಲಿಲ್ಲ.

ಈಗ ಕರಿಗುಂಡಿಯವರು ತಸಬೀರಿಗೆ ನಿಂತರೆ ಹೇಗೆ ನಿಲ್ಲುತ್ತಾರೆ ನೋಡಿ. ಮದುವೆಯಿರಲಿ, ತೊಟ್ಟಿಲಿರಲಿ, ಎರಡೂ ಅಂಗೈ ಎದೆಯ ಮುಂದೆ ಎತ್ತಿ, ಬೆರಳು ಬಿಡಿಸಿ ನಿಲ್ಲುತ್ತಾರೆ. ಪಟ್ಟಣದ ಫೋಟೋದವರು ನಗುತ್ತಾರೆ, ಕೈ ಇಳಿಸಿ ಅನ್ನುತ್ತಾರೆ. ನಾವು ಇಳಿಸುವುದಿಲ್ಲ. ಇನ್ನು ಸರಕಾರಿ ಕಾರ್ಡಿನ ಪುಟ್ಟ ಫೋಟೋ ಇದೆಯಲ್ಲ, ಅದರಲ್ಲಿ ಮುಖಕ್ಕೆ ಮಾತ್ರ ಜಾಗ. ಅದಕ್ಕೆ ನಮ್ಮೂರ ಮುದುಕಿಯರು ಕುರ್ಚಿಯಲ್ಲಿ ಕೂತವರೇ ಮೊದಲು ಎರಡೂ ಕೈಗಳನ್ನು ಫೋಟೋ ತೆಗೆಯುವ ಹುಡುಗನ ಮುಂದೆ ಚಾಚುತ್ತಾರೆ. ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ. ಅವನು ನೋಡಿದೆ ಅನ್ನುವವರೆಗೆ ಅವರು ಮುಖ ಎತ್ತುವುದಿಲ್ಲ.