ಇವನೇ, ಇಂಥವನೇ

ಒಂದರಂತೆ ಇನ್ನೊಂದು ಮುಖವನ್ನು ಮಾಡದ, ಮಾಡಿದ ಯಾವ ಮುಖವನ್ನೂ ಮರೆಯದ ಒಡೆಯನಿಗೆ ಶರಣು. ನುಡಿ ಅವನದು, ತಪ್ಪಿದರೆ ತಪ್ಪು ನನ್ನದು.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಶಿವ ನಾಲಿಗೆ ಕೊಟ್ಟದ್ದು ತನ್ನ ನಾಮಕ್ಕೆ. ಆದರೆ ನಮ್ಮ ಮಠದ ಬಾಗಿಲಲ್ಲಿ ಕೆಲವರು ಕೂತು, ಸೆರೆಯಲ್ಲಿರುವ ಒಬ್ಬನ ಮೇಲೆ ಪದ ಕಟ್ಟಿ ಹಾಡುತ್ತಿದ್ದಾರೆ. ಅವನು ತಪ್ಪು ಮಾಡಿಲ್ಲವಂತೆ, ಬಣ್ಣ ನೋಡಿ ಹಿಡಿದರಂತೆ. ತೀರ್ಪು ಆಗಿಹೋಗಿದೆ. ಹಾಡಿದರೆ ಬೀಗ ತೆರೆಯುತ್ತದೆಯೇ?"

ಗುರುಗಳು ಜಪಮಣಿಯನ್ನು ಕೆಳಗಿಟ್ಟರು. "ಬೀಗದ ಸಂಗತಿ ನನಗೆ ತಿಳಿಯದು. ಒಂದು ಊರಿನ ಕತೆ ಗೊತ್ತು. ಕೂತುಕೋ," ಎಂದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಅಂಗಳದಲ್ಲಿ ಭತ್ತ ಕುಟ್ಟುವವರ ನಡುವೆ ಒಬ್ಬ ಹೆಂಗಸಿದ್ದಳು. ಅವಳ ಹಿರಿಯರು ಎಂದೋ ಕಡಲಾಚೆಯಿಂದ ಬಂದು ಆ ಸೀಮೆಯಲ್ಲಿ ನೆಲೆಸಿದವರು. ಮೈ ಕಡುಕಪ್ಪು, ಕೂದಲು ಗುಂಗುರು. ಊರಿನ ನುಡಿಯೇ ಅವರ ನುಡಿ, ಊರಿನ ದೇವರೇ ಅವರ ದೇವರು. ಆದರೂ ಊರಿನವರು, "ಅವರೆಲ್ಲ ಒಂದೇ ಅಚ್ಚು. ಯಾರು ಯಾರೆಂದು ಯಾರಿಗೆ ಗೊತ್ತು?" ಎನ್ನುತ್ತಿದ್ದರು.

ಒಂದು ಸಂಜೆ ವರ್ತಕನ ಕಣಜಕ್ಕೆ ಯಾರೋ ಬೆಂಕಿ ಇಟ್ಟರು. ಒಳಗೆ ಮಲಗಿದ್ದ ಮುದಿ ಆಳು ಸತ್ತ. ಹೊಗೆಯ ನಡುವೆ ಒಬ್ಬ ಓಡಿದ್ದನ್ನು ವರ್ತಕನ ಹೆಂಡತಿ ಕಂಡಿದ್ದಳು. ಹೇಗಿದ್ದನೆಂದು ಕೇಳಿದ್ದಕ್ಕೆ, ಕಪ್ಪಗಿದ್ದ, ಗುಂಗುರು ಕೂದಲು ಎಂದಳು. ಮರುದಿನ ಕಾವಲಿನವನು ಹೊಳೆಯಲ್ಲಿ ಬಲೆ ಬೀಸುತ್ತಿದ್ದ ಒಬ್ಬನನ್ನು ಹಿಡಿದುತಂದು ಅಂಗಳದಲ್ಲಿ ನಿಲ್ಲಿಸಿದ. ಅವನು ಭತ್ತ ಕುಟ್ಟುವ ಆ ಹೆಂಗಸಿನ ತಮ್ಮ. ಅವಳು ಒನಕೆ ಹಿಡಿದು ಅಲ್ಲೇ ನಿಂತಿದ್ದಳು.

"ಇವನೇನಮ್ಮ?" ಎಂದ ಕಾವಲಿನವನು.

ವರ್ತಕನ ಹೆಂಡತಿ ಬಾಗಿಲ ಮರೆಯಿಂದ ಒಮ್ಮೆ ನೋಡಿ, "ಹೂಂ, ಇಂಥವನೇ," ಎಂದಳು.

ದೊಡ್ಡಮನೆಯ ಹೆಂಗಸರು ನ್ಯಾಯಸಭೆಗೆ ಬರುವ ರೂಢಿಯಿರಲಿಲ್ಲ. ಕಾವಲಿನವನೇ ಮಾತನ್ನು ಒಯ್ದ. "ಧಣಿಯಮ್ಮ 'ಇವನೇ' ಅಂದರು," ಎಂದ.

ಅಕ್ಕ ಓಡಿಹೋಗಿ ಕೈಮುಗಿದಳು. "ಸ್ವಾಮಿ, ನಾನೂ ಅಲ್ಲೇ ಇದ್ದೆ. ಇಂಥವನೇ ಅಂದರು. ಇವನೇ ಅನ್ನಲಿಲ್ಲ."

ನ್ಯಾಯಾಧಿಕಾರಿ ಅವಳ ಮೈಬಣ್ಣ ನೋಡಿ, "ನಿಮ್ಮವರಿಗೆ ನಿಮ್ಮವರೇ ಸಾಕ್ಷಿಯೋ?" ಎಂದ. ಬದುಕಿರುವ ತನಕ ಕಲ್ಲುಗಣಿಯಲ್ಲಿ ದುಡಿಯಬೇಕೆಂದು ತಮ್ಮನನ್ನು ಕಳಿಸಿಬಿಟ್ಟ. ಆ ಗಣಿಗೆ ಹೋದವರು ಬಹಳ ಕಾಲ ಬಾಳುತ್ತಿರಲಿಲ್ಲ.

ಅಕ್ಕ ಮರಳಿ ಬಂದು ಒನಕೆ ಹಿಡಿದಳು. ದೇವರನ್ನು ನೆನೆದಳು. ಆಮೇಲೆ ಪದ ಕಟ್ಟಿದಳು.

ಹುಬ್ಬಿನ ಮ್ಯಾಲೊಂದು ಕರು ಹಾಯ್ದ ಗೀರೈತೆ
ನಕ್ಕಾರೆ ಗುಳಿಯು ಎಡಗೆನ್ನೆ, ನನ ತಮ್ಮ
ಇವನೇನೆ ತಾಯಿ, ಇಂಥವನೆ?

ಒಬ್ಬಳು ಹಾಡಿದರೆ ಒರಳಿನ ಬಳಿ ನಿಂತವರೆಲ್ಲ ಕೊನೆಯ ಸೊಲ್ಲನ್ನು ಎತ್ತಿಕೊಳ್ಳಬೇಕು. ಕುಟ್ಟುವವರ ಕಟ್ಟಳೆ ಅದು. ಎಲ್ಲರೂ ಎತ್ತಿಕೊಂಡರು. ದಿನ ಕಳೆದಂತೆ ನುಡಿ ಬೆಳೆಯಿತು. ಅವನು ಎಡಗೈಯಲ್ಲಿ ಬಲೆ ಬೀಸುವುದು ಸೇರಿತು, ನಡೆವಾಗ ಒಂದು ಹೆಗಲು ತಗ್ಗುವುದು ಸೇರಿತು. ಅವನನ್ನು ಎಂದೂ ಕಾಣದವರೂ ಈಗ ಸಂತೆಯಲ್ಲಿ ಅವನನ್ನು ಗುರುತಿಸಬಲ್ಲವರಾದರು.

ವರ್ತಕನಿಗೆ ಸಿಟ್ಟು ಬಂತು. "ಏ, ನಿಲ್ಲಿಸೇ! ದೇವರ ಪದ ಬರೋದಿಲ್ಲವಾ ನಿನಗೆ?"

"ಬರ್ತದೆ ಧಣಿ. ಇದು ದೇವರು ಮಾಡಿದ ಮುಖದ ಪದ."

"ನಾಲಿಗೆ ಬಹಳ ಉದ್ದ ಆಯಿತು."

"ಒನಕೆಯೂ ಉದ್ದವೇ ಧಣಿ. ಗಿಡ್ಡಾಗಿದ್ದರೆ ನಿಮಗೆ ಅಕ್ಕಿ ಎಲ್ಲಿ?"

ವರ್ತಕ ಅವಳನ್ನು ಅಂಗಳದಿಂದ ಹೊರಹಾಕಿದ. ಆ ಪದವನ್ನು ಇನ್ನಾರೂ ಹಾಡಕೂಡದೆಂದ. ಉಳಿದವರು ಬೇರೆ ಪದವನ್ನೂ ಹಾಡಲಿಲ್ಲ. ಒಂದೇ ಒರಳಿಗೆ ಮೂವರು ಕುಟ್ಟುವಾಗ ಒನಕೆಗಳಿಗೆ ಸರದಿ ಹೇಳಿಕೊಡುವುದು ಪದ. ಅದಿಲ್ಲದೆ ಒನಕೆಗೆ ಒನಕೆ ತಾಗಿತು. ಅಕ್ಕಿಯೆಲ್ಲ ನುಚ್ಚಾಯಿತು.

ವರ್ತಕನ ಹೆಂಡತಿ ಮೊರ ಹಿಡಿದು ಹೊರಗೆ ಬಂದಳು. "ಏನಾದರೂ ಹಾಡಿಕೊಳ್ಳಿರೇ. ಊರಿಗೆಲ್ಲ ಗಂಜಿ ಕಾಯಿಸಬೇಕೇನು ನಾನು?"

"ನಮ್ಮ ಬಾಯಿಗೆ ಈಗ ಒಂದೇ ಬರೋದು ಅವ್ವಾ," ಎಂದಳು ಕುಟ್ಟುವ ಮುದುಕಿ.

"ಅದನ್ನೇ ಹಾಡು. ಅವರು ಪೇಟೆಗೆ ಹೋಗಿದ್ದಾರೆ."

ಮುದುಕಿ ಹಾಡಿದಳು. ವರ್ತಕನ ಹೆಂಡತಿಯೂ ತವರಿನಲ್ಲಿ ಒರಳಿನ ಬಳಿ ಬೆಳೆದವಳು. ಅವಳ ಬಾಯಿ ತಾನಾಗಿಯೇ ಸೊಲ್ಲನ್ನು ಎತ್ತಿಕೊಂಡಿತು: ಇವನೇನೆ ತಾಯಿ, ಇಂಥವನೆ? ಎರಡನೆಯ ಸಲ ಆ ಸೊಲ್ಲು ಅವಳನ್ನೇ ಕೇಳಿದಂತಾಯಿತು. ಅಂದಿನ ಸಂಜೆಯನ್ನು ನೆನೆದಳು. ಹೊಗೆ ನೆನಪಿಗೆ ಬಂತು. ಬಣ್ಣ ನೆನಪಿಗೆ ಬಂತು. ಎಷ್ಟು ನೆನೆದರೂ ಮುಖ ಬರಲಿಲ್ಲ. ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ಮೊರವನ್ನು ಅಲ್ಲೇ ಇಟ್ಟು, ಸೆರಗು ಹೊದ್ದು, ಅವಳು ತಾನೇ ನ್ಯಾಯಸಭೆಗೆ ನಡೆದಳು. "ಸ್ವಾಮಿ, ನಾನು ಅಂದದ್ದು ಇಂಥವನೇ ಅಂತ. ಇವನೇ ಅಂತ ಅಲ್ಲ. ಕಾವಲಿನವನು ಮಾತು ತಿರುಚಿದ್ದನ್ನು ಆಮೇಲೆ ಕೇಳಿ ತಿಳಿದರೂ ಸುಮ್ಮನಿದ್ದೆ."

"ಅಮ್ಮ, ಎರಡಕ್ಕೂ ಒಂದಕ್ಷರದ ಅಂತರ," ಎಂದ ನ್ಯಾಯಾಧಿಕಾರಿ.

"ಆ ಒಂದಕ್ಷರದ ಅಡಿಯಲ್ಲಿ ಒಬ್ಬ ಕಲ್ಲು ಒಡೆಯುತ್ತಿದ್ದಾನೆ, ಸ್ವಾಮಿ."

ನ್ಯಾಯಾಧಿಕಾರಿ ತಲೆ ತಗ್ಗಿಸಿ ಬಿಡುಗಡೆಯ ಆಜ್ಞೆ ಕೊಟ್ಟ. ದೇವರು ದೊಡ್ಡವನು, ತಮ್ಮ ಜೀವಸಹಿತ ಮರಳಿದ. ಆದರೆ ಕಲ್ಲಿನ ಧೂಳು ಎದೆಗಿಳಿದಿತ್ತು. ನಕ್ಕರೆ ಕೆಮ್ಮು ಬರುತ್ತಿತ್ತು. ಬೆಂಕಿ ಇಟ್ಟವನಾರೆಂದು ಕೊನೆಗೂ ತಿಳಿಯಲಿಲ್ಲ.

ವರ್ತಕನ ಹೆಂಡತಿಯೇ ಕರೆಸಿಕೊಂಡಾಗ ಅಕ್ಕ ಮತ್ತೆ ಅಂಗಳಕ್ಕೆ ಬಂದಳು. ಮತ್ತೆ ಹಾಡಿದಳು. ಈ ಸಲ ಪದದಲ್ಲಿ ಹರಿದ ಕಿವಿಯ, ತೊದಲು ಮಾತಿನ ಬೇರೆಯೊಬ್ಬನಿದ್ದ.

"ತಮ್ಮ ಬಂದನಲ್ಲೇ, ಇದು ಯಾರ ಪದ?" ಎಂದು ವರ್ತಕನ ಹೆಂಡತಿ ಕೇಳಿದಳು.

"ಗಣಿಯಲ್ಲಿ ಅವನ ಪಕ್ಕ ಕಲ್ಲು ಹೊರುತ್ತಿದ್ದವನದು, ಅವ್ವಾ. ಅವನೂ ನಮ್ಮ ಜನವೇ. ಅವನನ್ನು ಇಂಥವನೇ ಅಂದವರು ಇನ್ನೊಂದು ಊರಿನಲ್ಲಿದ್ದಾರೆ. ಪದ ಅಲ್ಲಿತನಕ ನಡೆಯಬೇಕು."

ಗುರುಗಳು ಕತೆ ನಿಲ್ಲಿಸಿದರು. ಬಾಗಿಲಿನ ಕಡೆಯಿಂದ ಹಾಡು ಕೇಳಿಬರುತ್ತಿತ್ತು. ಶಿಷ್ಯ ಅತ್ತ ಕಿವಿಗೊಟ್ಟು, "ಹಾಗಾದರೆ ಗುರುಗಳೇ, ಆ ಪದ ಎಂದಿಗೆ ಮುಗಿಯುತ್ತದೆ?" ಎಂದ.

"ಆ ಪದವೇ ಒಂದು ಪ್ರಶ್ನೆಯಲ್ಲವೇನಪ್ಪ? ಕೇಳಿಸಿಕೊಂಡವನು ಉತ್ತರ ಕೊಟ್ಟ ದಿನ."

ಶಿಷ್ಯ ಎದ್ದು ಬಾಗಿಲಿಗೆ ಹೋಗಿ ಹಾಡುವವರ ಪಕ್ಕ ಕೂತ.

ಇದನ್ನು ಕಿವಿಗೊಟ್ಟು ಕೇಳಿದ ನಿಮಗೆಲ್ಲ ಶಿವನು ಆಯುಸ್ಸು ಕೊಡಲಿ, ಕಂಡದ್ದನ್ನಷ್ಟೇ ನುಡಿಯುವ ಧೈರ್ಯ ಕೊಡಲಿ. ತಪ್ಪಿಲ್ಲದೆ ಸೆರೆಯಲ್ಲಿರುವವರ ತಾಯಂದಿರ ಕಣ್ಣು ಬೇಗ ತಂಪಾಗಲಿ.